ಬೀಳದ ಹೂವು

ನಮ್ಮ ದೊಡ್ಡಪ್ಪ ಹುಟ್ಟಿದಾಗಿನಿಂದ ಒಂದು ಹೂವನ್ನೂ ಕಿತ್ತವನಲ್ಲ. ಎಂಥ ಸಾಧು ಮನುಷ್ಯ ಅಂದಿರಾ? ತಡೆಯಿರಿ, ಅವನ ಜೊತೆ ಸಂಸಾರ ಮಾಡಿದ ದೊಡ್ಡವ್ವನನ್ನು ಒಂದು ಮಾತು ಕೇಳಬೇಕಿತ್ತು!

ಭಾಲ್ಕಿಯ ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಹೂವು ಲಿಂಗದ ಬಳಿಗೆ ಬರುತ್ತಿತ್ತು. ನಮ್ಮಲ್ಲಿ ಮಾತ್ರ ಲಿಂಗವೇ ಹೂವಿನ ಬಳಿಗೆ ಹೋಗುತ್ತಿತ್ತು. ಬೆಳಗಾದರೆ ದೊಡ್ಡಪ್ಪ ಸ್ನಾನ ಮಾಡಿ, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಗಿಡದ ಬುಡಕ್ಕೆ ಹೋಗಿ ಕೂಡುವನು. ಬಲಗೈಯಿಂದ ಟೊಂಗೆಯನ್ನು ಮೆಲ್ಲಗೆ ಬಗ್ಗಿಸಿ, ಹೂವನ್ನು ಲಿಂಗಕ್ಕೆ ಮುಟ್ಟಿಸಿ, ಬಿಟ್ಟುಬಿಡುವನು. ಗುಲಾಬಿಯ ಮುಳ್ಳು ಚುಚ್ಚಿದರೂ, ಕಣಗಿಲೆಯ ಟೊಂಗೆ ಚಿಮ್ಮಿ ಹಣೆಗೆ ಬಡಿದರೂ ಅವನ ಪದ್ಧತಿ ಬದಲಾಗಲಿಲ್ಲ.

ದೊಡ್ಡವ್ವ ಔರಾದಿನ ತವರಿನಲ್ಲಿ ದಿನಕ್ಕೊಂದು ಮಾಲೆ ಮುಡಿದು ಬೆಳೆದವಳು. ಇಲ್ಲಿ ಅವಳಿಗೆ ಉದುರಿದ ಹೂವೇ ಗತಿ. ದೊಡ್ಡಪ್ಪ ಪಾರಿಜಾತದ ಕೆಳಗೆ ಬಗ್ಗಿ ಬಗ್ಗಿ ಆಯ್ದು ತರುವನು. ಹೂವಿನ ಸಂಗಡ ಇರುವೆಗಳೂ ಬರುವವು. ಮದುವೆ ಮನೆಗಳಲ್ಲಿ ದೊಡ್ಡವ್ವ ತಲೆ ಕೆರೆದುಕೊಳ್ಳುತ್ತ ಕೂತದ್ದನ್ನು ನಾನೇ ಕಂಡಿದ್ದೇನೆ.

ಹೀಗಿರುವಾಗ ದೊಡ್ಡಪ್ಪ ಕಚೇರಿ ಕೆಲಸಕ್ಕೆಂದು ಬೀದರಿಗೆ ಹೋದ. ಬೆಳಗ್ಗೆ ಪೂಜೆಗೆ ಹೂವು ಬೇಕಲ್ಲ? ಜಿಲ್ಲೆಗೇ ದೊಡ್ಡವರಾದ ತಾಲೂಕ್ದಾರ ಸಾಹೇಬರ ಬಂಗಲೆಯ ತೋಟಕ್ಕೆ ನುಗ್ಗಿ ಕೂತೇಬಿಟ್ಟ! ಮಾಲಿ ಕಳ್ಳನೆಂದು ಓಡಿ ಬಂದರೆ, ಕಳ್ಳ ಕಣ್ಣು ಮುಚ್ಚಿಕೊಂಡು ಒಂದು ಹೂವಿನ ಕೆಳಗೆ ಅಂಗೈ ಒಡ್ಡಿದ್ದಾನೆ. ಬಿಳಿ ಎಸಳು, ನಡುವೆ ಹಳದಿ ಬೊಟ್ಟು, ಮೊಳದುದ್ದ ದಂಟು. ಮುಳ್ಳಿಲ್ಲ, ಮುಟ್ಟಿದರೆ ತಾನೇ ಬಾಗುತ್ತದೆ! ಇದು ವಿಲಾಯತಿ ಡೇಸಿ, ಫಿರಂಗಿಯವರು ಎತ್ತಿನ ಕಣ್ಣು ಅನ್ನುತ್ತಾರೆ ಎಂದು ಮಾಲಿ ಹೇಳಿದನಂತೆ. ಏನೂ ಕದಿಯದ ಕಳ್ಳನನ್ನು ಏನು ಮಾಡುವುದು? ಹೂವಿದ್ದ ಒಂದು ಗಿಡವನ್ನು ಬೇರು ಸಮೇತ ಕೊಟ್ಟು ಕಳಿಸಿದ. ಮನೆಗೆ ಬಂದವನೇ ದೊಡ್ಡಪ್ಪ ಅದನ್ನು ನಮ್ಮ ಎತ್ತಿನ ಮುಖದ ಮುಂದೆ ಹಿಡಿದು ಬಹಳ ಹೊತ್ತು ಹೋಲಿಸಿ ನೋಡಿದ. ಎತ್ತಿನದೇ ಚಂದ ಎಂದು ತೀರ್ಪು ಕೊಟ್ಟು ಹಿತ್ತಲಲ್ಲಿ ನೆಟ್ಟ.

ಮರುವರ್ಷ ಹಿತ್ತಲ ತುಂಬ ಬಿಳಿ ಹೂವು. ದೊಡ್ಡವ್ವನಿಗೆ ಅದರ ಮೇಲೆ ಮನಸ್ಸಾಯಿತು. ಒಂದೇ ಒಂದು ಮುಡಿಯಬೇಕು ಎಂದಳು. ಬಿದ್ದ ಕೂಡಲೇ ತಂದುಕೊಡುವೆ ಎಂದ ದೊಡ್ಡಪ್ಪ. ಆದರೆ ಈ ಹಾಳು ಹೂವು ಬೀಳುವುದೇ ಇಲ್ಲ! ದಂಟಿನ ಮೇಲೆ ನಿಂತಲ್ಲೇ ಬಾಡಿ, ಒಣಗಿ, ಕಪ್ಪಾಗುತ್ತದೆ. ದೊಡ್ಡವ್ವ ದಿನಾ ಗಿಡದ ಕೆಳಗೆ ಬಗ್ಗಿ ನೋಡಿ ಬರುವಳು. ತಾನೇ ಕಿತ್ತುಕೊಳ್ಳಬಾರದೇ? ನಾನೂ ಕೇಳಿದ್ದೆ.

"ಅವರಾಗೇ ಕೊಡಬೇಕವಾ," ಅಂದಳು.

ಬೇಸಿಗೆಗೆ ಹಿತ್ತಲಲ್ಲಿ ಅಷ್ಟು ಮುದ್ದು ಮಾಡಿದ ಗಿಡಗಳೆಲ್ಲ ಸುಟ್ಟುಹೋದವು. ಗೋಡೆ ಹಾರಿ ಹಳ್ಳದ ದಂಡೆಗೆ ಬಿದ್ದ ಬೀಜಗಳು ಮಾತ್ರ ಕಳೆಯ ನಡುವೆ ಪೊಗದಸ್ತಾಗಿ ಎದ್ದವು. ದೊಡ್ಡಪ್ಪನ ಪೂಜೆಯೂ ಹಳ್ಳಕ್ಕೆ ಹೋಯಿತು. ಒಂದು ದಿನ ಧ್ಯಾನ ಮುಗಿಸಿ ಕಣ್ಣು ತೆರೆದರೆ ಕೈಯಲ್ಲಿ ಬರೀ ದಂಟು! ಪಕ್ಕದ ಮನೆಯ ಎಮ್ಮೆ ನಿಂತು ಹೂವು ಮೆಲ್ಲುತ್ತಿದೆ.

"ಎಮ್ಮಿಗಿದ್ದ ನಸೀಬ ನನಗಿಲ್ಲ ನೋಡ್ರಿ," ಅಂದಳು ದೊಡ್ಡವ್ವ. ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ.

ಅದರ ಮುಂದಿನ ಚಳಿಗಾಲದಲ್ಲಿ ದೊಡ್ಡವ್ವ ವಿಷಮಜ್ವರ ಬಂದು ಮಲಗಿದಳು. ಹಕೀಮರು ಬಂದು ತಲೆ ಅಲ್ಲಾಡಿಸಿ ಹೋದರು. ಹಳ್ಳದ ದಂಡೆಯಲ್ಲಿ ಹೂವು ಅರಳಿದ್ದರೂ ದೊಡ್ಡಪ್ಪ ಅತ್ತ ಹೋಗಲಿಲ್ಲ. ಅವಳ ಹಾಸಿಗೆಯ ಬದಿಯಲ್ಲೇ ಕೂತು ಬರೀ ನೀರಿನಿಂದ ಪೂಜೆ ಮಾಡಿದ. ಜ್ವರ ಇಳಿದು ಅವಳು ಎದ್ದು ಕೂತ ದಿನ ನಾನು ತಲೆ ಬಾಚುತ್ತಿದ್ದೆ. ಉಳಿದದ್ದು ಕಿರುಬೆರಳಿನಷ್ಟು ಜಡೆ. ದೊಡ್ಡಪ್ಪ ಹೊರಗಿನಿಂದ ಬಂದು ಮುಷ್ಟಿ ಬಿಚ್ಚಿದ. ಬಿಳಿ ಹೂವು.

"ಬಿದ್ದಿತ್ತು," ಅಂದ, ಗೋಡೆ ನೋಡುತ್ತ.

ದಂಟಿನ ತುದಿ ಇನ್ನೂ ಹಸಿಯಾಗಿತ್ತು. ಅದರ ಮೇಲೆ ಉಗುರಿನ ಗುರುತಿತ್ತು. ದೊಡ್ಡವ್ವ ಅದನ್ನು ನೋಡಿದಳು. ಹಸಿರು ಹತ್ತಿದ್ದ ಅವನ ಉಗುರನ್ನೂ ನೋಡಿದಳು. ನನಗೆ ಅಳು ತಡೆಯಲಾಗಲಿಲ್ಲ. ಅವಳು ಮಾತ್ರ ಹೂವು ಮುಡಿಸಿಕೊಂಡು, ಜಡೆ ಮುಟ್ಟಿ ನೋಡಿಕೊಂಡು, ಮೆಲ್ಲಗೆ ಅಂದಳು:

"ಇನ್ನೊಂದು ಬಿದ್ದದೇನ, ನೋಡಿ ಬರ್ರಿ."

ದೊಡ್ಡಪ್ಪ ಚಪ್ಪಲಿಯನ್ನೂ ಮೆಟ್ಟದೆ ಹಳ್ಳದ ಕಡೆ ಹೊರಟ.