ಬಂದವರಿಗೆ ಎರಡು ರೊಟ್ಟಿ

ಓದದೆ ಸಹಿ ಹಾಕುವುದರಲ್ಲಿ ನನ್ನಷ್ಟು ಪಳಗಿದವರು ಧಾರವಾಡದಲ್ಲಿ ಹೆಚ್ಚು ಜನ ಇರಲಾರರು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನಿಗೆ ಮಕ್ಕಳ ವಹಿಗಳ ರಾಶಿಯೇ ಕಲಿಸಿಕೊಟ್ಟ ವಿದ್ಯೆ ಅದು. ಮೊದಲ ಲೆಕ್ಕ ನೋಡುವುದು, ಕೊನೆಯ ಲೆಕ್ಕ ನೋಡುವುದು, ನಡುವಿನದನ್ನು ದೇವರ ಮೇಲೆ ಹಾಕುವುದು. ಕೆಂಪು ಶಾಯಿಯಲ್ಲಿ ‘ಪರಿಶೀಲಿಸಿದೆ’ ಎಂದು ಬರೆದು ಸಹಿ ಗೀಚಿದರೆ ಮುಗಿಯಿತು. ನಿವೃತ್ತಿಯಾದರೂ ಈ ಚಾಳಿ ಬಿಡಲಿಲ್ಲ. ಅದರಿಂದಾದ ಫಜೀತಿಯನ್ನು ನಾನೇ ಹೇಳಿಬಿಡುತ್ತೇನೆ. ಹೇಗೂ ನನ್ನ ಹೆಂಡತಿ ಗಂಗಾ ಓಣಿಗೆಲ್ಲ ಹೇಳಿಯಾಗಿದೆ.

ಹುಬ್ಬಳ್ಳಿಯ ಒಂದು ಸಣ್ಣ ಕಚೇರಿಯಲ್ಲಿ ದೀಪಾ ಎಂಬ ಇಂಜಿನಿಯರ್ ಹುಡುಗಿ ಕಂಪ್ಯೂಟರಿಗೆ ಕನ್ನಡದ ವಾಕ್ಯರೂಪದ ಲೆಕ್ಕ ಬಿಡಿಸುವುದನ್ನು ಕಲಿಸುತ್ತಿದ್ದಳು. ಲೆಕ್ಕ ಬರೆದುಕೊಡಲು ನನ್ನನ್ನು ಕರೆದಳು. ಅವಳದು ಜಗತ್ತನ್ನೆಲ್ಲ ಓದಿಕೊಂಡ ದೊಡ್ಡ ಭಾಷಾ ಮಾದರಿಯಲ್ಲ. ಸಾದಾ ಮೊಬೈಲಿನೊಳಗೆ ಹಿಡಿಸುವ, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುವ ಚಿಕ್ಕ ಮಾದರಿ, ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಂ. “ಸಣ್ಣದರಿ ಸರ್, ನಾವು ಏನು ತೋರಿಸ್ತೇವಿ ಅದನ್ನ ಗಟ್ಟಿ ಹಿಡಕೊಂತೈತಿ. ಅದಕ್ಕ ಒಂದೊಂದು ಹಂತ ಬಿಡಿಸಿ ಬರೀರಿ” ಎಂದಳು. ನಾನು ಬರೆದದ್ದರಲ್ಲಿ ಹೆಸರು, ಸಂಖ್ಯೆಗಳನ್ನು ಬದಲಿಸಿ ಕಂಪ್ಯೂಟರೇ ಒಂದನ್ನು ನೂರು ಮಾಡುತ್ತಿತ್ತು. ತಪ್ಪಿದ್ದರೆ ಅದೂ ನೂರಾಗುತ್ತದೆ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಲೆಕ್ಕ ಬಿಡಿಸುವುದು ಬೇರೆ, ಹುಟ್ಟಿಸುವುದು ಬೇರೆ. ನನಗೆ ಗೊತ್ತಿದ್ದದ್ದು ಒಂದು ತೊಟ್ಟಿ, ಅದನ್ನು ತುಂಬಿಸುವ ಎರಡು ನಳ. ಮೂವತ್ತು ವರ್ಷ ಅದೇ ತೊಟ್ಟಿಯಲ್ಲಿ ಮಕ್ಕಳನ್ನು ಮುಳುಗಿಸಿದವನು ನಾನು. ಎರಡನೆಯ ವಾರಕ್ಕೇ ಸರಕು ತೀರಿತು. ಆಗ ಗಂಗಾ, “ಕೊಡ್ರಿಲ್ಲೆ, ಅಡಿಗಿಮನ್ಯಾಗ ಬೇಕಾದಷ್ಟು ಲೆಕ್ಕ ಅದಾವು” ಎಂದು ಪೆನ್ನು ಕಸಿದುಕೊಂಡಳು. ಚಟ್ನಿಪುಡಿ, ಹಪ್ಪಳ, ಹಾಲು, ರೊಟ್ಟಿ ಎಂದು ದಿಸ್ತೆಗಟ್ಟಲೆ ಹಾಳೆ ತುಂಬಿಸಿದಳು. ನಾನು ಮೊದಲ ಲೆಕ್ಕ ನೋಡಿದೆ, ಕೊನೆಯ ಲೆಕ್ಕ ನೋಡಿದೆ, ಎಲ್ಲ ಹಾಳೆಗೂ ಸಹಿ ಹಾಕಿದೆ. ಬರೆದದ್ದು ಅವಳು ಎಂದು ಕಚೇರಿಯಲ್ಲಿ ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ಸೋಮವಾರ ಹೆಬ್ಬಳ್ಳಿಯ ಶಾಲೆಯೊಂದರಲ್ಲಿ ಮಾದರಿಯನ್ನು ತೋರಿಸಬೇಕಿತ್ತು. ಅಲ್ಲಿ ಸರಿಹೋದರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ದೀಪಾಳ ಎರಡು ವರ್ಷದ ದುಡಿಮೆ ಅಲ್ಲಿಗೇ ನಿಲ್ಲುತ್ತದೆ. ಶುಕ್ರವಾರ ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾದರಿಯ ಪರೀಕ್ಷೆ ಮಾಡಿದಳು. ಒಂದು ಬೆಂಚಿಗೆ ಮೂವರಂತೆ ಎಂಟು ಬೆಂಚಿನಲ್ಲಿ ಎಷ್ಟು ಮಕ್ಕಳು? ಮಾದರಿ ನಿಧಾನವಾಗಿ ಬರೆಯಿತು: ಎಂಟು ಮೂರಲೆ ಇಪ್ಪತ್ನಾಲ್ಕು. ಬಂದವರಿಗೆ ಎರಡು. ಒಟ್ಟು ಇಪ್ಪತ್ತಾರು. ದೀಪಾ ನನ್ನ ಮುಖ ನೋಡಿದಳು. ಐದು ತ್ರಿಕೋನಗಳಿಗೆ ಎಷ್ಟು ಕೋನ ಎಂದು ಕೇಳಿದಳು. ಹದಿನೈದು, ಬಂದವರಿಗೆ ಎರಡು, ಒಟ್ಟು ಹದಿನೇಳು.

“ಮಷೀನಿನ ತಲಿ ಕೆಟ್ಟಿರಬೇಕು” ಎಂದೆ. ಅವಳು ಕಡತ ತೆರೆದು ಒಂದು ಹಾಳೆಯನ್ನು ಮುಂದಿಟ್ಟಳು. ಮನೆಯಲ್ಲಿ ಆರು ಮಂದಿ, ತಲಾ ಎರಡು ರೊಟ್ಟಿ, ಎಷ್ಟು ಬಡಿಯಬೇಕು? ಆರೆರಡಲೆ ಹನ್ನೆರಡು, ಬಂದವರಿಗೆ ಎರಡು, ಒಟ್ಟು ಹದಿನಾಲ್ಕು. ಕೆಳಗೆ ಕೆಂಪು ಶಾಯಿಯಲ್ಲಿ ‘ಪರಿಶೀಲಿಸಿದೆ’. ಅಂಥ ಹಾಳೆಗಳು ಒಂದಲ್ಲ ಎರಡಲ್ಲ. ನಾಚಿಕೆಯಿಂದ ಕಿವಿ ಬಿಸಿಯಾದವು. ನನ್ನ ಮರ್ಯಾದೆ ಹಾಗಿರಲಿ, ಈ ಹುಡುಗಿಯ ಕೆಲಸಕ್ಕೆ ಕಲ್ಲು ಹಾಕಿದೆನಲ್ಲ ಅನಿಸಿತು. ಬರೆದದ್ದು ನನ್ನ ಹೆಂಡತಿ, ಓದದೆ ಸಹಿ ಹಾಕಿದ್ದು ನಾನು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ದೀಪಾ ನಗಲೂ ಇಲ್ಲ, ಬೈಯಲೂ ಇಲ್ಲ. “ಆ ಎರಡನ್ನ ತಗದು ಮತ್ತ ಕಲಿಸೋಣ್ರಿ ಸರ್. ಆದ್ರ ಈ ಸಲ ಓದಿ ಸಹಿ ಹಾಕ್ರಿ” ಎಂದಳು. ಶನಿವಾರ, ಭಾನುವಾರ ಕೂತು ಒಂದೊಂದು ಹಾಳೆ ಓದಿ, ‘ಬಂದವರಿಗೆ ಎರಡು’ ಎಂದಿದ್ದಲ್ಲೆಲ್ಲ ಕಾಟು ಹೊಡೆದೆ. ನಿಜವಾಗಿ ಪರಿಶೀಲಿಸಿದ್ದು ಬದುಕಿನಲ್ಲಿ ಅದೇ ಮೊದಲು.

ಸುಮ್ಮನಿರದೆ ಗಂಗಾಳಿಗೂ ಪಾಠ ಹೇಳಲು ಹೋದೆ. ಲೆಕ್ಕದಲ್ಲಿ ಕೇಳಿದಷ್ಟೇ ಹೇಳಬೇಕು, ಇಲ್ಲದವರನ್ನು ತಂದು ಕೂಡಿಸಬಾರದು ಎಂದೆ. “ಆರು ಮಂದಿಗೆ ಹನ್ನೆರಡ ರೊಟ್ಟಿ ಬಡದು ಒಲಿ ಆರಿಸಿದವರ ಮನಿ ನಾ ಎಲ್ಲೂ ಕಂಡಿಲ್ಲ ಬಿಡ್ರಿ. ಹೊತ್ತಿಲ್ಲದ ಹೊತ್ತಿನಾಗ ಮಂದಿ ಕರ್ಕೊಂಡು ಬರವ್ರು ಯಾರು?” ಎಂದಳು. ನಾನು ಕಾಟು ಹೊಡೆದ ಹಾಳೆಯನ್ನೇ ತೋರಿಸಿದೆ. ಅವಳು ಅದನ್ನು ಪೂರ್ತಿ ಓದಿ, “ಆತು ತಗೋರಿ, ನಿಮ್ಮ ಲೆಕ್ಕದಂಗ ಆಗ್ಲಿ” ಎಂದು ಒಳಗೆ ಹೋದಳು. ಗೆದ್ದೆ ಎಂದುಕೊಂಡೆ.

ಸೋಮವಾರ ಹೆಬ್ಬಳ್ಳಿಯಲ್ಲಿ ಮಕ್ಕಳು ಕೇಳಿದ ಲೆಕ್ಕಗಳಿಗೆ ಮಾದರಿ ಒಂದು ಹೆಚ್ಚಿಲ್ಲದೆ ಒಂದು ಕಡಿಮೆಯಿಲ್ಲದೆ ಉತ್ತರ ಹೇಳಿತು. ಶಾಲೆಯವರು ಕೆಲಸ ಮುಂದುವರಿಸಿ ಎಂದರು. ದೀಪಾಳ ಕಣ್ಣು ತುಂಬಿತು. ಖುಷಿಯಲ್ಲಿ, “ನಡಿಯವಾ, ಊಟ ನಮ್ಮ ಮನ್ಯಾಗ” ಎಂದು ಅವಳನ್ನು ನೇರ ಕೆಲಗೇರಿಯ ನಮ್ಮ ಮನೆಗೆ ಕರೆದುಕೊಂಡು ಬಂದೆ.

ಗಂಗಾ ಅಕ್ಕರೆಯಿಂದ ಬರಮಾಡಿಕೊಂಡಳು. ದೀಪಾಳ ತಾಟಿಗೆ ಎರಡು ರೊಟ್ಟಿ, ಎಣ್ಣೆಗಾಯಿ ಪಲ್ಲೆ, ಮೊಸರು ಬಡಿಸಿದಳು. ಇನ್ನೆರಡು ರೊಟ್ಟಿ ತನ್ನ ತಾಟಿಗೆ ಹಾಕಿಕೊಂಡು ಕೂತಳು. ನಾನು ರೊಟ್ಟಿ ಬುಟ್ಟಿ ಎಳೆದುಕೊಂಡು ನೋಡಿದೆ. ಒಳಗೆ ರೊಟ್ಟಿ ಸುತ್ತುವ ಅರಿವೆ ಮಾತ್ರ ಇತ್ತು.

“ಮನ್ಯಾಗ ಇಬ್ಬರು, ತಲಾ ಎರಡು, ಒಟ್ಟು ನಾಲ್ಕು” ಎಂದಳು ಗಂಗಾ, ರೊಟ್ಟಿ ಮುರಿಯುತ್ತ. “ಹೌದಲ್ರಿ?”

ಹೌದಾಗಿತ್ತು. ನಾನೇ ಪರಿಶೀಲಿಸಿ ಸಹಿ ಹಾಕಿದ ಲೆಕ್ಕ. ಎದ್ದು ಡಬ್ಬಿಯಲ್ಲಿ ಚುರುಮುರಿ ಇದೆಯೇ ಎಂದು ಹುಡುಕತೊಡಗಿದೆ.