ಮೊಮ್ಮಗನ ದೀಕ್ಷಾಸ್ನಾನಕ್ಕೆ ಮಾಲ್ಕಮ್‌ನ ಮಹಾಕೃತಿ

"ಭಾನುವಾರ ನೋಡ್ತಾ ಇರು!" ಎಂದು ಮಾಲ್ಕಮ್ ಟ್ರೆಡ್‌ವೆಲ್ ಅಡುಗೆಮನೆಯ ಮೇಜು ಗುದ್ದಿ ಘೋಷಿಸಿದ. "ನಮ್ಮೂರ ಚರ್ಚಿನ ಗೋಡೆಗಳು ಕಟ್ಟಿದಾಗಿನಿಂದ ಕೇಳದೇ ಇರೋ ಸಂಗೀತ ಕೇಳ್ತವೆ!"

ಟೋಸ್ಟಿಗೆ ಮಾರ್ಮಲೇಡ್ ಸವರುತ್ತಿದ್ದ ಹೆಂಡತಿ ಹಿಲರಿ ತಲೆಯೆತ್ತಲಿಲ್ಲ. "ಅದೇ ನನ್ನ ಭಯ" ಎಂದಳು.

ಚರ್ಚಿನಲ್ಲಿ ಆರ್ಗನ್ ನುಡಿಸುವ ವಿನಿಫ್ರೆಡ್ ಮೇಡಂ ಗುಲಾಬಿ ಗಿಡ ಕತ್ತರಿಸಲು ಏಣಿ ಹತ್ತಿ, ಬಿದ್ದು, ಮಣಿಕಟ್ಟು ಮುರಿದುಕೊಂಡಿದ್ದರು. ಭಾನುವಾರವೇ ಮಾಲ್ಕಮ್‌ನ ಮೊಮ್ಮಗ ರೂಫಸ್‌ನ ದೀಕ್ಷಾಸ್ನಾನ. ಊರಿನಲ್ಲಿ ಆರ್ಗನ್ ಮುಟ್ಟಿ ಗೊತ್ತಿದ್ದ ಇನ್ನೊಂದು ಪ್ರಾಣಿಯೆಂದರೆ ಮಾಲ್ಕಮ್ ಮಾತ್ರ. ಅವನದೊಂದು ಹಳೆಯ ಆರ್ಗನ್ ಗ್ಯಾರೇಜಿನಲ್ಲಿತ್ತು. ಆ ಕಾರಣಕ್ಕೇ ಅವರ ಕಾರು ವರ್ಷವಿಡೀ ಬೀದಿಯಲ್ಲಿ ನೆನೆಯುತ್ತಿತ್ತು.

ಮಾಲ್ಕಮ್‌ಗೆ ಹುಡುಗನಾಗಿದ್ದಾಗಲೇ ಹತ್ತಿದ ಹುಚ್ಚು ಪ್ರೋಗ್ರೆಸಿವ್ ರಾಕ್ ಎಂಬ ಸಂಗೀತದ್ದು. ಬೇರೆಯವರ ಹಾಡು ಚಹಾ ಆರುವಷ್ಟರಲ್ಲಿ ಮುಗಿದರೆ, ಇವನ ಹಾಡಿಗೆ ರೆಕಾರ್ಡಿನ ಒಂದಿಡೀ ಬದಿಯೇ ಸಾಲದು. ಏಳರ ತಾಳದಲ್ಲಿ ಹೊರಟು, ಹನ್ನೊಂದಕ್ಕೆ ಹಾರಿ, ನಡುವೆ ಕೊಳಲು ಊದಿ, ಮುಗಿಯಿತು ಎಂದು ನೀವು ನಿಟ್ಟುಸಿರು ಬಿಡುವಾಗ ಸಿಡಿಲಿನಂತೆ ಮರಳಿ ಬರುವ ಸಂಗೀತ! ಕ್ಯಾಂಟರ್ಬರಿಯ ಕಾರ್ಪೆಟ್ ಅಂಗಡಿಯಲ್ಲಿ ದಿನವಿಡೀ ಅಳತೆಪಟ್ಟಿ ಹಿಡಿಯುವ ಈ ಮನುಷ್ಯ ಸಂಜೆಯಾದರೆ ಗ್ಯಾರೇಜು ಸೇರಿ ತಾನೇ ಒಂದು ಮಹಾಕೃತಿ ಕಟ್ಟಿದ್ದ. ಹೆಸರು, 'ಚಂದ್ರನ ಕಣಜದ ಏಳು ಬಾಗಿಲು'. ಅದರ ಒಂದೊಂದು ಭಾಗವೂ ಒಂದೊಂದು ಬಾಗಿಲು. ಅದನ್ನು ಪೂರ್ತಿ ಕೇಳಿದ ಮನುಷ್ಯರು ಈ ಭೂಮಿಯ ಮೇಲಿರಲಿಲ್ಲ. ಹಿಲರಿ ಎರಡನೆಯ ಬಾಗಿಲಿಗೇ ಎದ್ದು ಹೋಗಿದ್ದಳು. ಮಗಳು ಬ್ರೈಯನಿ ಚಿಕ್ಕವಳಿದ್ದಾಗ ಮೂರನೆಯದಕ್ಕೆ ಅತ್ತಿದ್ದಳು. ತನ್ನ ರಕ್ತದಲ್ಲಿ ಒಬ್ಬರಾದರೂ, ಒಂದೇ ಒಂದು ಜೀವವಾದರೂ ಕೊನೆಯತನಕ ಕೂತು ಕೇಳಬೇಕು ಎಂಬುದು ಅವನ ಬಾಳಿನ ಆಸೆ.

ಶನಿವಾರ ಬ್ರೈಯನಿ ಫೋನ್ ಮಾಡಿದಳು. ಹಿಂದೆ ಕೂಸು ಕಿರುಚುತ್ತಿತ್ತು. ಅದು ಹುಟ್ಟಿದಾಗಿನಿಂದ ಅವಳು ಸರಿಯಾಗಿ ತಲೆ ಬಾಚಿಕೊಂಡಿರಲಿಲ್ಲ.

"ಅಪ್ಪಾ, ಎರಡು ಕೀರ್ತನೆ. ಆಮೇಲೆ ಎಲ್ಲರೂ ನೀರಿನ ತೊಟ್ಟಿ ಹತ್ರ ನಡ್ಕೊಂಡು ಬರೋವಾಗ ಮೆತ್ತಗೆ ಏನಾದ್ರೂ. ಮೆತ್ತಗೆ, ಅಪ್ಪಾ! ನಮ್ಮತ್ತೆ ಬರ್ತಾ ಇದಾರೆ. 'ನಮ್ಮ ಮನೆತನದ ಮಕ್ಳು ದೀಕ್ಷೆ ಟೈಮಲ್ಲಿ ಅಳಲ್ಲ' ಅಂತ ಈಗಾಗ್ಲೇ ಹೇಳಿಟ್ಟಿದಾರೆ."

"ಮೊದಲನೇ ಬಾಗಿಲು ಬರೀ ಇಬ್ಬನಿ ಕಣೇ ಮಗಳೇ! ಮಂಜು! ಮಗು ಅಳೋದಿರಲಿ, ತೇಲುತ್ತೆ!"

"ಮೊದಲನೇದು ಅಷ್ಟೇ ತಾನೆ?"

"ಅಷ್ಟೇ" ಎಂದ ಮಾಲ್ಕಮ್. ಹೇಳುವಾಗ ಅವನು ಅದನ್ನು ನಿಜವಾಗಿಯೂ ನಂಬಿದ್ದ.

ಭಾನುವಾರ ಚರ್ಚಿನ ಬಾಗಿಲಲ್ಲೇ ಬೀಗಿತ್ತಿ ಲವೀನಿಯಾ ಎದುರಾದರು. ತಲೆಯ ಮೇಲೆ ಹಡಗಿನಷ್ಟು ದೊಡ್ಡ ಟೋಪಿ, ಒಂದು ಕೈಯಲ್ಲಿ ಉಬ್ಬಿದ ಮಖಮಲ್ಲಿನ ಚೀಲ, ಇನ್ನೊಂದರಲ್ಲಿ ಚಾಕು. "ಬೀಗರೇ, ಇದು ನಮ್ಮಜ್ಜಿಯ ಬೆಳ್ಳಿ ಚಾಕು. ದೀಕ್ಷೆ ಮುಗಿದ್ಮೇಲೆ ಕೇಕ್ ಕತ್ತರಿಸೋಕೆ. ನನ್ನ ಚೀಲದಲ್ಲಿ ಜಾಗ ಇಲ್ಲ, ಸ್ವಲ್ಪ ಜೋಪಾನವಾಗಿ ಇಟ್ಕೊಂಡಿರಿ. ನಮ್ಮ ಮನೇಲಿ ಎಲ್ಲರ ಕೇಕಿಗೂ ಇದೇ."

ಮಾಲ್ಕಮ್ ಅದನ್ನು ಕೋಟಿನ ಜೇಬಿಗಿಳಿಸಿ, ಹಿಂಬದಿಯ ಅಟ್ಟ ಹತ್ತಿ ಆರ್ಗನ್ನಿನ ಮುಂದೆ ಕೂತ. ಸಭೆಗೆ ಬೆನ್ನು ಮಾಡಿ ನುಡಿಸಬೇಕಾದ್ದರಿಂದ ವಾದಕನಿಗೆಂದು ಅಲ್ಲೊಂದು ಕನ್ನಡಿ ತೂಗುಹಾಕಿದ್ದರು. ಕೆಳಗೇನು ನಡೆಯುತ್ತಿದೆ ಎಂದು ಅದರಲ್ಲಿ ನೋಡಿಕೊಳ್ಳಬಹುದು, ಕಣ್ಣು ತೆರೆದಿದ್ದರೆ.

ಕೀರ್ತನೆಗಳು ಸುಸೂತ್ರವಾಗಿ ಮುಗಿದವು. ಎಲ್ಲರೂ ತೊಟ್ಟಿಯ ಕಡೆ ನಡೆದರು. ರೂಫಸ್ ಬಾಯಿ ತೆರೆದವನು ಮುಚ್ಚಿಯೇ ಇರಲಿಲ್ಲ. ಅವನ ಕಿರುಚಾಟ ಬಣ್ಣದ ಗಾಜುಗಳಿಗೆ ಬಡಿದು ವಾಪಸು ಬರುತ್ತಿತ್ತು. ಬೀಗಿತ್ತಿಯ ತುಟಿ ದಾರದಷ್ಟು ತೆಳ್ಳಗಾಯಿತು. ಬ್ರೈಯನಿ ಅಟ್ಟದ ಕಡೆ ದೀನಳಾಗಿ ನೋಡಿದಳು. ಮಾಲ್ಕಮ್ ಕಣ್ಣು ಮುಚ್ಚಿ ಇಬ್ಬನಿ ಸುರಿಸತೊಡಗಿದ.

ಎಷ್ಟು ಚೆನ್ನಾಗಿತ್ತೆಂದರೆ ಪಾದ್ರಿಯಮ್ಮ ಫಿಲಿಪಾ ಅಟ್ಟದತ್ತ ಮುಗುಳ್ನಕ್ಕರು. ಸಂಗೀತ ನಿಂತಿತು. ಪಾದ್ರಿಯಮ್ಮ ಅಳುತ್ತಿದ್ದ ಕೂಸನ್ನು ಎತ್ತಿಕೊಂಡು, "ಈ ಮಗುವಿಗೆ ನೀವಿಡುವ ಹೆಸರು..." ಎಂದರು.

ಢಾಂ!

ಎರಡನೆಯ ಬಾಗಿಲು ತೆರೆದಿತ್ತು! ಈ ಸಂಗೀತದ ಭಕ್ತರಿಗೆ ಒಂದು ವ್ರತವಿದೆ: ಶುರುವಾದದ್ದನ್ನು ನಡುವೆ ಬಿಡಬಾರದು. ರೆಕಾರ್ಡಿನ ಮುಳ್ಳನ್ನು ಅರ್ಧಕ್ಕೆ ಎತ್ತುವುದಕ್ಕಿಂತ ಅರ್ಧ ಗಡ್ಡ ಬೋಳಿಸಿಕೊಂಡು ಮದುವೆಗೆ ಹೋಗುವುದು ಮೇಲು ಎಂದು ಅವರು ತಿಳಿದಿದ್ದಾರೆ. ಮಾಲ್ಕಮ್‌ನ ತಲೆಗೆ ಮಗಳಿಗೆ ಕೊಟ್ಟ ಮಾತು ನೆನಪಿತ್ತು. ಕೈಗಳಿಗೆ ನೆನಪಿರಲಿಲ್ಲ.

ಆಮೇಲೆ ಹಿಲರಿ ಸಲ್ಲಿಸಿದ ವರದಿಯ ಪ್ರಕಾರ, ಕೆಳಗೆ ಮುದುಕರೊಬ್ಬರು ಕಿವಿಯ ಯಂತ್ರ ಕಿತ್ತು ಜೇಬಿಗೆ ಹಾಕಿಕೊಂಡರು. ಆರ್ಗನ್ ಗುಡುಗಿದರೆ ಎದ್ದು ನಿಲ್ಲಬೇಕೇನೋ ಎಂದು ಮುಂದಿನ ಸಾಲಿನವರು ಎದ್ದರು. ಅವರು ಎದ್ದದ್ದಕ್ಕೆ ಹಿಂದಿನವರೂ ಎದ್ದರು. ಸದ್ದು ನಿಂತಾಗ ಕೂತರು. ಮತ್ತೆ ಢಾಂ! ಮತ್ತೆ ಎದ್ದರು. ನಿಲ್ಲಿಸು ಎಂದು ಕೂಗುವುದು ಸಭ್ಯತೆಯಲ್ಲವಲ್ಲ! ಇಡೀ ಸಭೆ ದಿಗ್ಭ್ರಾಂತ ಮುಖ ಹೊತ್ತು ಬಸ್ಕಿ ಹೊಡೆಯಿತು.

ಅಷ್ಟರಲ್ಲಿ ಮೂರನೆಯ ಬಾಗಿಲು. ಅದರಲ್ಲಿ ಕೆಳಗಿನ ಒಂದು ಮಂದ್ರ ಸ್ವರ ಉದ್ದಕ್ಕೂ ಮೊಳಗುತ್ತಲೇ ಇರಬೇಕು. ಕೈಕಾಲುಗಳಿಗೆ ಬೇರೆ ಕೆಲಸ. ಗ್ಯಾರೇಜಿನಲ್ಲಾದರೆ ಆ ಸ್ವರದ ಕೀಲಿ ಒತ್ತಿಕೊಂಡೇ ಇರುವಂತೆ ಸಂದಿಗೆ ಒಂದು ಮರದ ಚಕ್ಕೆ ಸಿಗಿಸುತ್ತಿದ್ದ. ಚಕ್ಕೆ ಗ್ಯಾರೇಜಿನಲ್ಲೇ ಉಳಿದಿತ್ತು! ಮಾಲ್ಕಮ್ ಜೇಬು ತಡಕಿದ. ಕೈಗೆ ತಣ್ಣಗೆ ಏನೋ ತಗುಲಿತು. ರಾಕ್ ಸಂಗೀತದ ಮಹಾನ್ ವಾದಕರು ವೇದಿಕೆಯ ಮೇಲೆ ಆರ್ಗನ್ನಿಗೆ ಚೂರಿ ಚುಚ್ಚುತ್ತಿದ್ದರೆಂದು ಹುಡುಗನಿದ್ದಾಗ ಕೇಳಿದ್ದು ಮೈಯೆಲ್ಲ ಮಿಂಚಾಗಿ ಹರಿಯಿತು.

ಸರಿಯಾಗಿ ಆಗಲೇ ಬೀಗಿತ್ತಿ ಕನ್ನಡಿಯತ್ತ ನೋಡಿದರು. ಕಂಡದ್ದು: ಕೆದರಿದ ಕೂದಲು, ಮುಚ್ಚಿದ ಕಣ್ಣು, ತಲೆಯ ಮೇಲೆ ಎತ್ತಿದ ಚೂರಿ!

"ಅಯ್ಯೋ, ಕೊಲೆ!" ಎಂದು ಯಾರೋ ಚೀರಿದರು.

"ಕೊಲೆ ಅಲ್ಲ, ನಮ್ಮಜ್ಜಿ ಚಾಕು!" ಎಂದು ಬೀಗಿತ್ತಿ ಅದಕ್ಕಿಂತ ಜೋರಾಗಿ ಚೀರಿದರು.

ಆ ಕೂಗಿಗೆ ಮಾಲ್ಕಮ್ ಕಣ್ಣು ತೆರೆದ. ಚಾಕು ಆಗಲೇ ಒಳಗಿಳಿದಿತ್ತು. ಗಾಬರಿಯಾಗಿ ಎಳೆದ. ಹಿಡಿ ಕೈಗೆ ಬಂತು. ಅಲಗು ಒಳಗೇ ಉಳಿಯಿತು. ಅವನು ಎರಡೂ ಕೈ ಮೇಲಕ್ಕೆತ್ತಿದ, ಕಾಲೂ ಎತ್ತಿದ. ಆದರೂ ಸ್ವರ ನಿಲ್ಲಲಿಲ್ಲ! ಭೋ ಎಂದು ನೆಲ, ಬೆಂಚು, ಎದೆಗೂಡು ನಡುಗಿಸುತ್ತಾ ಮೊಳಗಿತು.

ಹಿಲರಿ ಏದುಸಿರು ಬಿಡುತ್ತಾ ಅಟ್ಟ ಹತ್ತಿ ಬಂದಳು. "ನಿಲ್ಲಿಸೋ!"

"ನಿಲ್ತಾ ಇಲ್ಲ ಕಣೇ!"

"ಸ್ವಿಚ್ ಎಲ್ಲಿದೆ?"

"ಅದು ವಿನಿಫ್ರೆಡ್ ಮೇಡಂಗೆ ಗೊತ್ತು! ನಾನು ಬರೋ ಮೊದ್ಲೇ ಯಾರೋ ಹಾಕಿಟ್ಟಿದ್ರು!"

"ಅಳಿಯನ ಕೈಲಿ ಅವರಿಗೆ ಫೋನ್ ಮಾಡಿಸ್ತೀನಿ. ಮಗಳ ಮುಖ ನೋಡಿದ್ಯಾ? ಒಂದು ದಿನ, ಮಾಲ್ಕಮ್! ಒಂದೇ ಒಂದು ದಿನ ಸುಮ್ನಿರೋಕೆ ಆಗ್ಲಿಲ್ವಾ ನಿನಗೆ?"

ಮಾಲ್ಕಮ್ ಎದ್ದ. ಅಳುಕುತ್ತಾ ಅಟ್ಟದ ಕಟಕಟೆಯ ಬಳಿ ಬಂದು ಕೆಳಗೆ ಬಗ್ಗಿದ. ಬ್ರೈಯನಿ ಕತ್ತೆತ್ತಿ ಅವನನ್ನೇ ನೋಡುತ್ತಿದ್ದಳು. ಆದರೆ ಬೈಯುತ್ತಿರಲಿಲ್ಲ. ತುಟಿಯ ಮೇಲೆ ಬೆರಳಿಟ್ಟಿದ್ದಳು.

ರೂಫಸ್ ಅಳುತ್ತಿರಲಿಲ್ಲ!

ಪಾದ್ರಿಯಮ್ಮನ ತೋಳಿನಲ್ಲಿ ಮುಷ್ಟಿ ಸಡಿಲಿಸಿ, ಬಾಯಿ ಅರೆತೆರೆದು, ಆ ಘೋರ ಮೊಳಗಿನ ನಡುವೆ ನಿದ್ದೆ ಹೋಗಿದ್ದ. ಪಾದ್ರಿಯಮ್ಮ ಗಂಟಲು ಹರಿಯುವಂತೆ ಪ್ರಾರ್ಥನೆ ಕೂಗಿ ತಲೆಗೆ ನೀರು ಸುರಿದರು. ಅವನು ತುಟಿ ಚಪ್ಪರಿಸಿದನೇ ಹೊರತು ಎಚ್ಚರಗೊಳ್ಳಲಿಲ್ಲ. ಬೀಗಿತ್ತಿಯ ದಾರದ ತುಟಿ ತೆರೆದುಕೊಂಡಿತು. "ನೋಡಿದ್ರಾ? ನಮ್ಮ ಮನೆತನ!" ಎಂದು ಅವರು ಪಕ್ಕದವರ ಕಿವಿಯಲ್ಲಿ, ಅಟ್ಟಕ್ಕೂ ಕೇಳುವಂತೆ ಅರಚಿದರು.

ಮಾಲ್ಕಮ್‌ನ ಕಣ್ಣು ತುಂಬಿತು. ನಿನ್ನ ಮನೆತನವಂತೆ! ಅದು ನನ್ನದು! ಮೂರನೆಯ ಬಾಗಿಲನ್ನು ದಾಟಿದ ಮೊದಲ ಮನುಷ್ಯ!

ಕೊನೆಗೆ ಅಳಿಯ ಸ್ವಿಚ್ ಪತ್ತೆಮಾಡಿ ಒತ್ತಿದ. ಮೊಳಗು ನಿಂತಿತು. ಮರುಕ್ಷಣ ರೂಫಸ್ ಚಿಟ್ಟನೆ ಚೀರಿದ. ಇನ್ನೇನು ಸಾಕ್ಷಿ ಬೇಕು?

ಪಕ್ಕದ ಸಭಾಂಗಣದಲ್ಲಿ ಕೇಕನ್ನು ಬ್ರೆಡ್ ಕೊಯ್ಯುವ ಗರಗಸದಲ್ಲಿ ಕತ್ತರಿಸಿದರು. ಬೀಗಿತ್ತಿ ಹಿಡಿಯಿಲ್ಲದ ಚಾಕಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರ ಟೋಪಿಯೇ ಎಲ್ಲವನ್ನೂ ಹೇಳುತ್ತಿತ್ತು. ಊರಿನವರು ಸ್ಯಾಂಡ್‌ವಿಚ್ ಹಿಡಿದು ಬಂದು "ತುಂಬಾ ವಿಶೇಷವಾಗಿತ್ತು", "ಧೈರ್ಯ ಮಾಡಿದ್ರಿ" ಎಂದು ಕೈಕುಲುಕಿ ಬೇಗ ಬೇಗ ದೂರ ಹೋದರು. ಮಾಲ್ಕಮ್‌ಗೆ ಅದಾವುದೂ ನಾಟಲಿಲ್ಲ.

"ವಾರಕ್ಕೆರಡು ಸಲ ಗ್ಯಾರೇಜಿಗೆ ಕರ್ಕೊಂಡು ಬಾ" ಎಂದ ಮಗಳಿಗೆ. "ಉಳಿದ ಬಾಗಿಲು ಕೇಳಿಸ್ತೀನಿ. ನನ್ನ ರೆಕಾರ್ಡೆಲ್ಲ ಅವನಿಗೇ. ಕಿವಿ ಅಂದ್ರೆ ಕಿವಿ ಕಣೇ!"

"ಅಪ್ಪಾ..." ಎಂದಳು ಬ್ರೈಯನಿ, ಕಿರುಚುವ ಕೂಸನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ವರ್ಗಾಯಿಸುತ್ತಾ. ಪಾಪ, ಬೇರೇನೋ ಹೇಳಲಿಕ್ಕಿತ್ತು ಅವಳಿಗೆ. ತಂದೆಯ ಹೊಳೆಯುವ ಮುಖ ನೋಡಿ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಸಭಾಂಗಣ ನೋಡಿಕೊಳ್ಳುವ ಡೋರೀನಮ್ಮ ಕೇಕಿನ ಚೂರು ಕಂಡು ಸಿಡಿಮಿಡಿಗೊಂಡು, ಬೀರುವಿನಿಂದ ಕಸ ಹೀರುವ ಯಂತ್ರ ಎಳೆದು ತಂದು ಗುಂಡಿ ಒತ್ತಿದರು. ಭೋ...

ರೂಫಸ್ ಅಳು ನುಂಗಿದ. ಕಣ್ಣು ಪಿಳುಕಿಸಿದ. ಹೆಗಲಿಗೆ ಕೆನ್ನೆಯೊತ್ತಿ ನಿದ್ದೆ ಹೋದ.

ಮಾಲ್ಕಮ್ ಯಂತ್ರವನ್ನು ನೋಡಿದ. ಕೂಸನ್ನು ನೋಡಿದ. ಮತ್ತೆ ಯಂತ್ರವನ್ನು ನೋಡಿದ.

"ಮನೇಲೂ ಹೀಗೇ ಅಪ್ಪಾ" ಎಂದಳು ಬ್ರೈಯನಿ ಮೆಲ್ಲಗೆ, ಅವನ ತೋಳು ಹಿಡಿದು. "ಬೇಜಾರು ಮಾಡ್ಕೋಬೇಡ."

ಡೋರೀನಮ್ಮ ಕೊನೆಯ ಚೂರು ಹೀರಿ ಗುಂಡಿಗೆ ಬೆರಳಿಟ್ಟರು. "ನಂದಾಯ್ತು. ಆರಿಸ್ಲಾ?"

"ಬೇಡ!" ಎಂದು ಇಡೀ ಸಭಾಂಗಣ ಒಕ್ಕೊರಲಿನಿಂದ ಕೂಗಿತು. ಬೀಗಿತ್ತಿ ಎದೆಯ ಮೇಲೆ ಕೈಯಿಟ್ಟು ಬೇಡಿಕೊಂಡರು: "ದಯವಿಟ್ಟು ನಿಲ್ಲಿಸಬೇಡಿ! ಇನ್ನೂ ಸ್ವಲ್ಪ ಹೊತ್ತು! ಎಷ್ಟು ಹಿತವಾಗಿದೆ!"

ಆ ಮಾತನ್ನು ಒಂದು ಸಭೆಯ ಬಾಯಿಂದ ಕೇಳಬೇಕೆಂದು ಜೀವಮಾನವಿಡೀ ಕಾದಿದ್ದ ಮನುಷ್ಯ ನಿಧಾನವಾಗಿ ಕೋಟು ಬಿಚ್ಚಿದ. ಸುಸ್ತಾಗಿದ್ದ ಡೋರೀನಮ್ಮನ ಕೈಯಿಂದ ಹಿಡಿಕೆ ತೆಗೆದುಕೊಂಡ. ಆಗಲೇ ಸ್ವಚ್ಛವಾಗಿದ್ದ ಕಾರ್ಪೆಟ್ಟಿನ ಮೇಲೆ ಯಂತ್ರವನ್ನು ಹಿಂದೆ ಮುಂದೆ ತಳ್ಳತೊಡಗಿದ.

ಕುರ್ಚಿಯಲ್ಲಿ ಚಹಾ ಹಿಡಿದು ಕೂತಿದ್ದ ಹಿಲರಿ, ಅವನ ಮುಖದಲ್ಲಿ ಮೆಲ್ಲಗೆ ಏನೋ ಹೊಳೆಯುತ್ತಿರುವುದನ್ನು ಕಂಡು ಬೆರಳೆತ್ತಿದಳು.

"ಮಾಲ್ಕಮ್! ಅದಕ್ಕೆ ನಿನ್ನ ತಾಳಗೀಳ ಏನೂ ಸೇರಿಸ್ಬೇಡ. ಸುಮ್ನೆ ತಳ್ಳು."