ಅಜ್ಜಿಯ ಮೊಳ, ನನ್ನ ಮೊಳ

ಅವರೆಕಾಯಿ ಕಾಲದಲ್ಲಿ ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲಿ ಸಂಜೆಯಾದರೆ ಒಂದು ಸಭೆ ಸೇರುತ್ತದೆ. ಅವತ್ತೂ ಸೇರಿತ್ತು. ಕಾಯಿಯ ರಾಶಿಯ ಒಂದು ಕಡೆ ಅಮ್ಮ, ಇನ್ನೊಂದು ಕಡೆ ಪಕ್ಕದ ಮನೆಯ ಜಯಮ್ಮನವರು, ಸುಲಿಯುವುದಕ್ಕಿಂತ ಹುಳುವಿಗೆ ಹೆದರುವುದರಲ್ಲೇ ಹೊತ್ತು ಕಳೆಯುತ್ತಾ ನಾನು. ಅಧ್ಯಕ್ಷತೆ ವಹಿಸಬೇಕಿದ್ದ ಅಜ್ಜಿ ಮಾತ್ರ ದೂರದಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಮಂಡಿನೋವು ಬಂದಮೇಲೆ ಅವಳು ನೆಲದ ಮೇಲೆ ಕೂರುವಂತಿಲ್ಲ. ಕುರ್ಚಿಯಿಂದ ಬಗ್ಗಿದರೆ ರಾಶಿ ಎಟುಕುವುದಿಲ್ಲ. ಜಯಮ್ಮನವರು ಬೀದಿಯ ಸುದ್ದಿಯನ್ನು ದನಿ ತಗ್ಗಿಸಿ ಹೇಳುವಾಗಲಂತೂ ಅವಳ ಚಡಪಡಿಕೆ ನೋಡಲಾಗದು.

"ಏನಂದೆ? ವಸಿ ಗಟ್ಟಿಯಾಗೇಳಮ್ಮ!"

"ಗುಟ್ಟು ಕಣ್ ದೊಡ್ಡವ್ವ, ಗಟ್ಟಿಯಾಗಿ ಎಂಗೇಳ್ಲಿ?"

ನಾನು ಡಿಸೈನ್ ಕಾಲೇಜಿನ ಮೊದಲ ವರ್ಷದವನು. ಮನೆಯಲ್ಲಿ ಒಬ್ಬರಿಗಾದರೂ ಉಪಯೋಗಕ್ಕೆ ಬರುವ ಮರದ ವಸ್ತುವನ್ನು ಕೈಯಾರೆ ಮಾಡಿ ತನ್ನಿ ಎಂದಿದ್ದರು ಮೇಷ್ಟ್ರು. "ಅಜ್ಜಿ, ನಿಂಗೊಂದು ಸ್ಟೂಲ್ ಮಾಡ್ಕೊಡ್ತೀನಿ. ಎಷ್ಟೆತ್ತರ ಇರ್ಬೇಕು?" ಎಂದೆ.

"ಮೊಳಕ್ಕೆ ನಾಕು ಬೆರಳು ಕಮ್ಮಿ ಇರ್ಲಿ ಕಣ್ಲಾ. ಅವ್ರೆಕಾಯ್ ಮುಗಿಯೋದ್ರೊಳಗೆ ಕೊಟ್ಬುಡು."

ಮರವೆಂದರೆ ಬಹಳ ಸಾಧು ಎಂದು ನಾನು ತಿಳಿದಿದ್ದೆ. ಬಾಗಿಲಾಗಿ, ಮಂಚವಾಗಿ, ಬಾಯಿ ಮುಚ್ಚಿಕೊಂಡು ಬಾಳುವ ಜಾತಿ. ಗರಗಸ ಇಟ್ಟಮೇಲೆ ಗೊತ್ತಾಯಿತು, ಅದಕ್ಕೂ ಹಟವಿದೆ ಎಂದು. ಪೆನ್ಸಿಲಿನ ಗೆರೆಯದು ಒಂದು ದಾರಿ, ಗರಗಸದ್ದು ಇನ್ನೊಂದು. ಕೊರೆದ ತೂತಿಗೆ ಕಾಲು ಹೋಗದು. ಹೋಗಲೆಂದು ಉಳಿ ಆಡಿಸಿದರೆ ಎರಡು ಕಾಲು ಒಟ್ಟಿಗೆ ಹೋಗುವಷ್ಟು ದೊಡ್ಡದಾಗುವುದು. ಹಿತ್ತಲಲ್ಲಿ ಬೆಳೆದ ಗುಡ್ಡೆಯನ್ನು ನೋಡಿ ಅಮ್ಮ, "ಸ್ಟೂಲ್ ಮಾಡ್ತಿದ್ದೀಯೋ, ಮರದ ಪುಡಿ ಮಾಡ್ತಿದ್ದೀಯೋ?" ಎಂದು ಕೇಳಿದಳು. ಅಳತೆಯೊಂದರಲ್ಲಿ ಮಾತ್ರ ನಾನು ರಾಜಿಯಾಗಿರಲಿಲ್ಲ. ಮೊಣಕೈಯಿಂದ ಬೆರಳ ತುದಿಯವರೆಗೆ ಟೇಪು ಹಿಡಿದು, ನಾಲ್ಕು ಬೆರಳು ಕಳೆದು, ಮಿಲಿಮೀಟರಿಗೆ ಇಳಿಸಿ ನಕ್ಷೆ ಬರೆದಿದ್ದೆ. ಮೇಷ್ಟ್ರೂ ಮೆಚ್ಚಿದ್ದರು.

ಅಂತೂ ಒಂದು ಸಂಜೆ ಸ್ಟೂಲನ್ನು ಸಭೆಯ ನಡುವೆ ತಂದಿಟ್ಟೆ. ಅಜ್ಜಿ ಸೆರಗು ಸರಿಮಾಡಿಕೊಂಡು ಕೂತಳು. ಅವಳ ಪಾದಗಳು ನೆಲ ಮುಟ್ಟಲಿಲ್ಲ. ರಾಶಿಯೂ ಎಟುಕಲಿಲ್ಲ. ಎತ್ತರದಲ್ಲಿ ಅದಕ್ಕೂ ಪ್ಲಾಸ್ಟಿಕ್ ಕುರ್ಚಿಗೂ ಏನೇನೂ ವ್ಯತ್ಯಾಸವಿರಲಿಲ್ಲ. ಕುರ್ಚಿಗಾದರೆ ಒರಗಲು ಬೆನ್ನಾದರೂ ಇತ್ತು.

"ಅಯ್ಯೋ, ಯಾರ ಮೊಳ ಅಳೆದ್ಯಪ್ಪಾ?" ಎಂದರು ಜಯಮ್ಮನವರು.

ನನ್ನದೇ. ಅಟ್ಟದ ಮೇಲಿನ ಡಬ್ಬಿಯನ್ನು ನಿಂತಲ್ಲಿಂದಲೇ ಇಳಿಸುವ ಕೈ ನನ್ನದು. ಅಜ್ಜಿಯದು ಆ ಡಬ್ಬಿಯನ್ನು ಕೇಳುವ ಕೈ. ಇಷ್ಟಾಗಿ, ನಾನು ಹುಟ್ಟಿದಾರಭ್ಯ ನೋಡಿದ್ದೇ ಮೊಳದ ಜಗಳವನ್ನು! ಹೂವಿನವಳು ಮಲ್ಲಿಗೆಯನ್ನು ಮೊಣಕೈಗೆ ಇಟ್ಟಳೋ ಇಲ್ಲವೋ, "ನಿನ್ ಮೊಳ ಮೋಟು ಕಣವ್ವ" ಎಂದು ಅಜ್ಜಿ ಶುರುಮಾಡುತ್ತಿದ್ದಳು.

"ಇವನ್ ಮೊಳ ಹೂವ್ಗಾಯ್ತದೆ, ಸ್ಟೂಲ್ಗಾಗಕಿಲ್ಲ" ಎಂದು ಎಲ್ಲರನ್ನೂ ನಗಿಸಿ, ಅಜ್ಜಿ ಮೆಲ್ಲಗೆ ಎದ್ದು ಮತ್ತೆ ಕುರ್ಚಿಗೇ ಹೋದಳು. ಆ ಹೋಗುವಿಕೆಯನ್ನು ನನ್ನಿಂದ ನೋಡಲಾಗಲಿಲ್ಲ.

ಮಾರನೆಯ ದಿನ ಸ್ಟೂಲನ್ನು ಮೇಜಿನ ಮೇಲೆ ಮಲಗಿಸಿ, ಅದರ ಕಾಲಿನ ಉದ್ದಕ್ಕೆ ಅವಳ ಕೈಯನ್ನೇ ಇಡಿಸಿದೆ. ಬಳೆ ಮೊಣಕೈವರೆಗೂ ಜಾರಿತು. ಇಷ್ಟು ಸಣ್ಣ ಮೊಳವೇ ನಮ್ಮೆಲ್ಲರನ್ನೂ ಎತ್ತಿ ಆಡಿಸಿದ್ದು? ಅವಳದೇ ನಾಲ್ಕು ಬೆರಳು ಕಳೆದು, ಗೆರೆ ಎಳೆದು ಕೊಯ್ದೆ. ನಾಲ್ಕು ಕಾಲುಗಳಲ್ಲಿ ಮೂರು ಒಂದೇ ಮಾತಿಗೆ ಬಂದವು, ಒಂದು ಬರಲಿಲ್ಲ. 'ಅಲುಗುತ್ತದೆ' ಎಂದು ಮೇಷ್ಟ್ರು ಅಂಕ ಕಳೆದರು. ಅಜ್ಜಿ ಕಳೆಯಲಿಲ್ಲ. ಅಂದು ಸಂಜೆ ರಾಶಿಯ ಪಕ್ಕದಲ್ಲೇ ಟಕ್ ಎಂದು ಕೂತು, ಪಾದಗಳನ್ನು ನೆಲಕ್ಕೆ ಊರಿ, ಮಡಿಲಿಗೆ ಕಾಯಿ ಸುರಿದುಕೊಂಡಳು. ಜಯಮ್ಮನವರು ಬಾಯಿ ತೆರೆಯುವ ಮುಂಚೆಯೇ, "ಮೆಲ್ಲಗೇ ಯೋಳು, ಕೇಳ್ತದೆ" ಎಂದಳು.

ಮುಂದಿನ ಶುಕ್ರವಾರ ಹೂವಿನವಳು ಬಾಗಿಲಿಗೆ ಬಂದಳು. ಅವಳು ಮೊಳ ಹಾಕಲು ಕೈ ಎತ್ತಿದೊಡನೆ ಅಜ್ಜಿ "ತಡಿಯವ್ವ" ಎಂದು ಒಳಗಿನಿಂದ ನನ್ನನ್ನು ಕರೆದು, ನನ್ನ ತೋಳನ್ನು ಹಿಡಿದು ಮುಂದೆ ಚಾಚಿದಳು.

"ಇವನ್ ಕೈಯಾಗೆ ಅಳೆ."